ಮೂರು ಹುಲಿಗೆ ಹದಿನೈದು ಕುರಿ ಸಾಲದು

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ತಂದೆತಾಯಿಯರು ಬೇಟೆಗಾರ ಪ್ರಾಣಿಗಳ ವಿಷಯವನ್ನು ಎತ್ತಿಕೊಂಡಾಗ ಹೆಚ್ಚಾಗಿ ಹುಲಿ ಘರ್ಜಿಸುವ ವಿಡಿಯೋದಿಂದ ಆರಂಭಿಸುತ್ತಾರೆ. ಅದರಿಂದ ಮಗುವಿಗೆ ಉಳಿಯುವುದು ಬೆರಗು, ಇಲ್ಲವೇ ಭಯ. ಹುಲಿ ಏನನ್ನು ತಿನ್ನುತ್ತದೆ, ಎಷ್ಟು ತಿನ್ನುತ್ತದೆ, ಅಷ್ಟು ತಿಂದರೂ ಕಾಡಿನಲ್ಲಿ ಜಿಂಕೆಗಳು ಮುಗಿದುಹೋಗದಿರುವುದು ಹೇಗೆ ಎಂಬ ಲೆಕ್ಕದಿಂದ ಪಾಠವನ್ನು ತೊಡಗಿಸುವುದು ಹೆಚ್ಚು ಫಲಕಾರಿ ಎಂಬುದು ನನ್ನ ಅಭಿಪ್ರಾಯ. ಇಲ್ಲಿರುವ ಚಟುವಟಿಕೆಗಳು ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಹೊಂದುತ್ತವೆ. ಉದಾಹರಣೆಗೆ ನಾಗರಹೊಳೆ ಮತ್ತು ಬಂಡೀಪುರದ ಹುಲಿ, ಚಿರತೆ, ಸೀಳುನಾಯಿಗಳನ್ನು ಆರಿಸಿಕೊಂಡಿದ್ದೇನೆ.

ಮೊದಲು ಮಗುವಿನೊಡನೆ ಹುಲಿ–ಕುರಿ ಆಟ ಆಡಿ. ಮೂರು ಹುಲಿ, ಹದಿನೈದು ಕುರಿಗಳ ಈ ಹಳೆಯ ಮನೆಯಾಟದಲ್ಲಿ ಒಂದು ಹುಲಿಯ ಪಾಲಿಗೆ ಐದೇ ಕುರಿಗಳು ಬರುತ್ತವೆ. ಕಾಡಿನಲ್ಲಿಯೂ ಹೀಗೆಯೇ ಇದ್ದರೆ ಹುಲಿ ಎಷ್ಟು ದಿನ ಬದುಕೀತು ಎಂದು ಕೇಳಿ, ಉತ್ತರ ಬರುವ ಮೊದಲೇ ಅಳಗುಳಿಮಣೆಗೆಂದು ಕೂಡಿಟ್ಟ ಹುಣಸೆ ಬೀಜಗಳನ್ನು ನೆಲದ ಮೇಲೆ ಸುರಿಯಿರಿ. ಬೆಳೆದ ಹುಲಿಯೊಂದು ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳನ್ನು, ಅಂದರೆ ಹೆಚ್ಚುಕಡಿಮೆ ವಾರಕ್ಕೊಂದನ್ನು, ಕೊಲ್ಲುತ್ತದೆ. ಆ ತೆರಿಗೆಯನ್ನು ತೆತ್ತೂ ಹಿಂಡುಗಳು ಕುಗ್ಗದೆ ಉಳಿಯಬೇಕಾದರೆ ಅಂತಹ ಸುಮಾರು 500 ಪ್ರಾಣಿಗಳು ಆ ಹುಲಿಯ ವ್ಯಾಪ್ತಿಯಲ್ಲಿರಬೇಕು ಎಂದು ಹುಲಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ವಿವರಿಸಿದ್ದಾರೆ.

ಆದ್ದರಿಂದ ಮಗು ಐನೂರು ಬೀಜಗಳನ್ನು ಎಣಿಸಲಿ. ಒಂದು ವರ್ಷ ಕಳೆಯಿತೆಂದು ಐವತ್ತನ್ನು ತೆಗೆದು, ಉಳಿದ ಪ್ರತಿ ಒಂಬತ್ತು ಬೀಜಗಳಿಗೆ ಒಂದರಂತೆ ಮರಿಗಳ ಲೆಕ್ಕದಲ್ಲಿ ಮತ್ತೆ ಸೇರಿಸಿದರೆ, ಸಂಖ್ಯೆ ಸರಿಯಾಗಿ ಐನೂರಕ್ಕೇ ಬಂದು ನಿಲ್ಲುತ್ತದೆ. ಎರಡನೆಯ ಸುತ್ತಿನಲ್ಲಿ ಹುಲಿಯ ಐವತ್ತರ ಜೊತೆಗೆ ಕಳ್ಳಬೇಟೆಯವರಿಗೂ ಐವತ್ತು ಬೀಜಗಳನ್ನು ಕೊಟ್ಟು ಅದೇ ನಿಯಮದಲ್ಲಿ ಮುಂದುವರಿಯಿರಿ: ಮೊದಲ ವರ್ಷದ ಕೊನೆಗೆ 444, ಎರಡನೆಯ ವರ್ಷಕ್ಕೆ 382, ಹೀಗೆ ಇಳಿಯುತ್ತಾ ಹೋಗಿ ಏಳನೆಯ ವರ್ಷದಲ್ಲಿ ತೆಗೆಯಲು ನೂರು ಬೀಜಗಳೇ ಇರುವುದಿಲ್ಲ. ನಿಜವಾದ ಕಾಡಿನ ಲೆಕ್ಕ ಇಷ್ಟು ಸರಳವಲ್ಲ, ಇದು ಆಟಕ್ಕಾಗಿ ಮಾಡಿಕೊಂಡ ನಿಯಮ ಎಂಬುದನ್ನು ಮಗುವಿಗೆ ತಪ್ಪದೆ ಹೇಳಬೇಕು. ಆದರೂ ಗುಂಡು ತಗಲದ ಹುಲಿಯೂ ಹಸಿವಿನಿಂದ ಇಲ್ಲವಾಗಬಹುದೆಂಬುದು ಬೀಜ ಎಣಿಸಿದ ಕೈಗೆ ತಾನಾಗಿಯೇ ತಿಳಿಯುತ್ತದೆ.

ಒಂದೇ ಕಾಡಿನಲ್ಲಿ ಮೂರು ಬೇಟೆಗಾರರು ಹೇಗೆ ಬಾಳುತ್ತವೆ ಎಂಬ ಪ್ರಶ್ನೆಗೆ ಅಕ್ಕಿ ಮೂಟೆ ಬೇಕು. ನಾಗರಹೊಳೆಯಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹುಲಿ ಕೊಂದ ಮುಖ್ಯ ಬೇಟೆಯ ಸರಾಸರಿ ತೂಕ ಸುಮಾರು 92 ಕೆ.ಜಿ., ಸೀಳುನಾಯಿಯದು 43, ಚಿರತೆಯದು 38. ಇಪ್ಪತ್ತೈದು ಕಿಲೋದ ಮೂಟೆಯನ್ನು ಮಗು ಎಳೆದು ನೋಡಲಿ. ಹುಲಿಯದು ಹೆಚ್ಚುಕಡಿಮೆ ಅಂತಹ ನಾಲ್ಕು ಮೂಟೆ, ಚಿರತೆಯದು ಒಂದೂವರೆ. ಚಿರತೆ ಅಂತಹ ಬೇಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಮರವೇರುತ್ತದೆ ಎಂದಾಗ ಮೂಟೆಯ ಮೇಲಿನ ಗೌರವ ಹೆಚ್ಚುತ್ತದೆ.

ಹೆಜ್ಜೆಗುರುತಿನ ಪಾಠಕ್ಕೆ ಕಾಡಿಗೆ ಹೋಗಬೇಕಾಗಿಲ್ಲ. ಜರಡಿ ಹಿಡಿದ ಮಣ್ಣನ್ನು ಹದವಾಗಿ ನೆನೆಸಿ ಅಗಲವಾದ ತಟ್ಟೆಯಲ್ಲಿ ಹರಡಿ, ಬೆಕ್ಕು ಓಡಾಡುವ ದಾರಿಯಲ್ಲಿಡಿ. ಇನ್ನೊಂದನ್ನು ನಾಯಿ ದಾಟುವಲ್ಲಿ ಇಡಿ. ನಾಯಿಯ ಗುರುತಿನಲ್ಲಿ ಬೆರಳುಗಳ ಮುಂದೆ ಉಗುರಿನ ಚುಕ್ಕೆಗಳು ಕಾಣುತ್ತವೆ, ಸೀಳುನಾಯಿಯದೂ ಹಾಗೆಯೇ. ಬೆಕ್ಕು ನಡೆಯುವಾಗ ಉಗುರುಗಳನ್ನು ಒಳಗೆಳೆದುಕೊಳ್ಳುವುದರಿಂದ ನಾಲ್ಕು ಬೆರಳು ಮತ್ತು ಹಿಂಬದಿಯಲ್ಲಿ ಮೂರು ಉಬ್ಬುಗಳಿರುವ ಅಂಗಾಲು ಮಾತ್ರ ಮೂಡುತ್ತವೆ. ಹುಲಿ, ಚಿರತೆಗಳದ್ದು ಇದರದೇ ದೊಡ್ಡ ರೂಪ. ಗುರುತಿನ ಅಚ್ಚು ಬೇಕೆಂದರೆ ಎರಡು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಗೆ ಒಂದು ಪಾಲು ನೀರು ಬೆರೆಸಿ ಸುರಿದು, ಅರ್ಧ ಗಂಟೆ ಬಿಡಿ. ಈ ಪುಡಿ ಗಟ್ಟಿಯಾಗುವಾಗ ಬಹಳ ಬಿಸಿಯಾಗಿ ಚರ್ಮವನ್ನು ಸುಡಬಲ್ಲದಾದ್ದರಿಂದ ಮಗು ಅದರೊಳಗೆ ಕೈ ಅದ್ದಲು ಯಾವ ಕಾರಣಕ್ಕೂ ಬಿಡಬಾರದು, ಉಳಿದದ್ದನ್ನು ಸಿಂಕಿಗೂ ಸುರಿಯಬಾರದು.

ಅಚ್ಚು ತೆಗೆಯುವ ಮುನ್ನ ಅದೇ ಗುರುತಿನ ಮೇಲೆ ಪಾರದರ್ಶಕ ಹಾಳೆಯಿಟ್ಟು ಇಬ್ಬರು ಮಕ್ಕಳಿಂದ ಬೇರೆಬೇರೆಯಾಗಿ ಅಂಚನ್ನು ಬರೆಸಿ ಹೋಲಿಸಿ. ಎರಡು ಚಿತ್ರಗಳು ಒಂದಕ್ಕೊಂದು ಹೊಂದುವುದು ಅಪರೂಪ. ನಮ್ಮ ದೇಶದಲ್ಲಿ ಹಿಂದೆ ಹುಲಿಗಳನ್ನು ಎಣಿಸುತ್ತಿದ್ದುದು ಹೀಗೆ ಹೆಜ್ಜೆಯ ಅಂಚು ಬರೆದೇ. ಆ ವಿಧಾನವನ್ನು ಏಕೆ ಕೈಬಿಡಬೇಕಾಯಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಕಂಡಿಲ್ಲ. ಈಗ ಪ್ರಾಣಿ ಮುಂದೆ ಹಾದಾಗ ತಾವಾಗಿಯೇ ಕ್ಲಿಕ್ಕಿಸುವ ಕ್ಯಾಮೆರಾ ಟ್ರ್ಯಾಪ್‌ಗಳು ತೆಗೆದ ಚಿತ್ರಗಳಲ್ಲಿ ಪಟ್ಟೆಗಳನ್ನು ನೋಡಿ ಒಂದೊಂದು ಹುಲಿಯನ್ನೂ ಗುರುತಿಸುತ್ತಾರೆ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿಗಳೆಂಬ ಅಂದಾಜು ಬಂದುದು ಮುಖ್ಯವಾಗಿ ಇಂತಹ ಚಿತ್ರಗಳ ಆಧಾರದ ಮೇಲೆ. ನಾಲ್ಕು ಹುಲಿಗಳ ಎರಡೆರಡು ಚಿತ್ರಗಳನ್ನು ಮುದ್ರಿಸಿ, ಕಲಸಿ, ಜೋಡಿ ಹುಡುಕಲು ಕೊಡಿ. ಎಡಮೈಯ ಪಟ್ಟೆ ಬಲಮೈಯಂತಿರುವುದಿಲ್ಲವಾದ್ದರಿಂದ ಎಲ್ಲ ಚಿತ್ರಗಳೂ ಒಂದೇ ಪಕ್ಕದವಾಗಿರಬೇಕು. ಕಾಡಿನಲ್ಲಿ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುವುದೂ ಇದೇ ಕಾರಣಕ್ಕೆ.

ಕಣ್ಣಿನ ಪಾಠಕ್ಕೆ ಎರಡು ಪೆನ್ಸಿಲ್ ಸಾಕು. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಎರಡರ ತುದಿಗಳನ್ನು ಕೂಡಿಸಲು ಹೇಳಿದರೆ ಮಗು ತಪ್ಪುತ್ತದೆ. ಹಾರುವ ಮೊದಲು ದೂರವನ್ನು ಅಳೆಯಬೇಕಾದ ಬೇಟೆಗಾರನಿಗೆ ಎರಡೂ ಕಣ್ಣುಗಳು ಮುಂದಕ್ಕಿರುವುದು ಏಕೆಂದು ಆಗ ಹೇಳಬಹುದು.

ಮೃಗಾಲಯವನ್ನು ಕೊನೆಗೆ ಇಟ್ಟುಕೊಳ್ಳಿ. ಇಷ್ಟೆಲ್ಲ ಮಾಡಿದ ಮಗು ಮೈಸೂರಿನ ಮೃಗಾಲಯದಲ್ಲಿ ಹುಲಿಯ ಮುಂದೆ ನಿಂತಾಗ ಎಡಮೈಯ ಪಟ್ಟೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ, ಕಣ್ಣಿನ ಪಾಪೆ ಬೆಕ್ಕಿನದರಂತೆ ಸೀಳಾಗಿದೆಯೋ ದುಂಡಗಿದೆಯೋ ಎಂದು ಹುಡುಕುತ್ತದೆ. ಅವಸರಿಸದೆ ಒಂದೇ ಆವರಣದ ಬಳಿ ಅರ್ಧ ಗಂಟೆ ನಿಲ್ಲಲು ಬಿಡಿ. ಅಲ್ಲಿಗೆ ಮಂಗಳವಾರ ವಾರದ ರಜೆ ಇರುವುದರಿಂದ ಆ ದಿನವನ್ನು ಬಿಟ್ಟು, ಜನಸಂದಣಿ ಕಡಿಮೆಯಿರುವ ಬೇರೊಂದು ದಿನ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು.