ನೀರಿನಡಿಯ ಪ್ಲಾಟಿನಂ: ನನ್ನ ಅನುಭವ

ಪ್ಲಾಟಿನಂಗೆ ಅಂಟಿದ ಕಾರ್ಬನ್ ಮಾನಾಕ್ಸೈಡ್, ನೀರಿನೊಳಗೆ ಆಮ್ಲಜನಕ ಬಂದಾಗ ಹೇಗೆ ಕಳಚಿಕೊಳ್ಳುತ್ತದೆ? ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇದನ್ನು ಅವಗೆಂಪು (ಇನ್‌ಫ್ರಾರೆಡ್) ರೋಹಿತದಲ್ಲಿ, ಅಂದರೆ ಯಾವ ಅಣು ಯಾವ ಬೆಳಕನ್ನು ಹೀರಿತು ಎಂದು ತೋರುವ ನಕ್ಷೆಯಲ್ಲಿ, ನೋಡುವುದು ನನ್ನ ಕೆಲಸ. ಅಡ್ಡಿ ಮಾಡುವುದು ನೀರೇ. ಬೆಳಕನ್ನು ಇಲ್ಲಿ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಎಂದು ಎಣಿಸುತ್ತೇವೆ; ಪ್ರತಿ ಸೆಂಟಿಮೀಟರಿಗೆ 1640ರ ಸುತ್ತ ನೀರು ಬೆಳಕನ್ನು ಜೋರಾಗಿ ಹೀರುತ್ತದೆ. 3000ದಿಂದ 3600ರವರೆಗೆ ಇನ್ನೂ ಹೆಚ್ಚು. ಹಾಗಾಗಿ ಬೆಳಕನ್ನು ನೀರಿನ ಮೂಲಕ ಹಾಯಿಸದೆ, ಝಿಂಕ್ ಸೆಲೆನೈಡ್ ಹರಳಿನೊಳಗೆ ಸಂಪೂರ್ಣ ಆಂತರಿಕ ಪ್ರತಿಫಲನವಾಗುವಂತೆ ಹಾಯಿಸುತ್ತೇನೆ. ಆಗ ಅದು ಹರಳಿನಾಚೆಗೆ ಒಂದೆರಡು ಮೈಕ್ರೋಮೀಟರ್ ಮಾತ್ರ ಚಾಚುತ್ತದೆ. ಕ್ರಿಯಾವರ್ಧಕ, ಅಂದರೆ ಕ್ರಿಯೆಯನ್ನು ಚುರುಕಾಗಿಸುವ ಪ್ಲಾಟಿನಂ ಪುಡಿ, ಅಷ್ಟರೊಳಗೇ ಕೂರಬೇಕು.

ಕೂರಿಸುವುದರಲ್ಲೇ ಇರುವುದು ಕೈಚಳಕ. ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಮೇಲೆ ಪ್ಲಾಟಿನಂ ಹೊತ್ತ ಪುಡಿಯನ್ನು ನೀರಿನಲ್ಲಿ ಕದಡಿ, ಶ್ರವಣಾತೀತ ಕಂಪನಕ್ಕೆ ಒಡ್ಡುತ್ತೇನೆ. ದಪ್ಪ ಕಣಗಳು ತಳ ಸೇರಿದ ಮೇಲೆ ಮೇಲಿನದನ್ನಷ್ಟೇ ಹರಳಿನ ಮೇಲೆ ಹನಿಸಿ, ನಿಧಾನವಾಗಿ ಒಣಗಲು ಬಿಡುತ್ತೇನೆ. ಅವಸರಪಟ್ಟರೆ ಪದರ ಬೇಸಿಗೆಯ ಕೆರೆಯಂಗಳದಂತೆ ಬಿರಿದು, ಪಂಪು ಶುರುವಾದೊಡನೆ ಎದ್ದು ಹೋಗುತ್ತದೆ. ಈ ಹರಳಿನ ಮೇಲೆ ಪ್ರಬಲ ಆಮ್ಲ ಬೇಡವೇ ಬೇಡ: ಹರಳು ಹಾಳಾಗುವುದಷ್ಟೇ ಅಲ್ಲ, ವಿಷಾನಿಲವಾದ ಹೈಡ್ರೋಜನ್ ಸೆಲೆನೈಡ್ ಹೊರಡುತ್ತದೆ.

ಮುಂಗಾರಿನಲ್ಲಿ ಉಪಕರಣದ ಪೊಟ್ಯಾಸಿಯಂ ಬ್ರೋಮೈಡ್ ಭಾಗಗಳು ತೇವ ಹೀರದಂತೆ ಒಣ ನೈಟ್ರೋಜನ್ ಹರಿಸುತ್ತಲೇ ಇರಬೇಕು.

ಕಾರ್ಬನ್ ಮಾನಾಕ್ಸೈಡ್ ಕರಗಿಸಿದ ನೀರು ಹರಿದಾಗ ರೋಹಿತದ 2050ರ ಆಸುಪಾಸಿನಲ್ಲಿ, ಪ್ಲಾಟಿನಂಗೆ ಅಂಟಿದ ಆ ಅಣುವಿನ ಗೆರೆ ಏಳುತ್ತದೆ. ಅದೃಷ್ಟವಶಾತ್ ಅಲ್ಲಿ ನೀರಿನ ಕಾಟ ಕಡಿಮೆ. ಆಮ್ಲಜನಕ ಕರಗಿದ ನೀರಿಗೆ ಬದಲಿಸಿದರೆ ಆ ಗೆರೆ ಇಳಿಯತೊಡಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕದೊಡನೆ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ; ಆದ್ದರಿಂದ ಜೊತೆಗೇ 2343ರಲ್ಲಿ, ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡಿನ ಒಂಟಿ ಗೆರೆಯನ್ನು ಹುಡುಕುತ್ತೇನೆ. ಕೋಣೆಯ ಗಾಳಿಯಲ್ಲಿರುವ ಅದೇ ಅನಿಲ ಅಲ್ಲೇ ಎರಡು ಉಬ್ಬುಗಳಾಗಿ ಕಾಣುವುದರಿಂದ ಇವೆರಡನ್ನೂ ಬೇರ್ಪಡಿಸಿ ನೋಡಬಹುದು.

ದೊಡ್ಡ ಗೆರೆಯ ಅಣುವೇ ಕ್ರಿಯೆ ನಡೆಸುತ್ತಿದೆ ಎಂದು ನಾನು ನಂಬುವುದಿಲ್ಲ. ಅಲ್ಯುಮಿನಾ ಮೇಲೆ ಕಾರ್ಬೋನೇಟುಗಳು ಸುಮ್ಮನೆ ಕೂತಿರಬಹುದು. ಅದಕ್ಕಾಗಿ ಎರಡು ನೀರನ್ನೂ ನಿಗದಿತ ಅವಧಿಯಲ್ಲಿ ಸರದಿಯಂತೆ ಹರಿಸಿ, ಆ ಲಯಕ್ಕೆ ಸ್ಪಂದಿಸುವ ಭಾಗವನ್ನಷ್ಟೇ ಲೆಕ್ಕ ಹಾಕಿ ಹೊರತೆಗೆಯುತ್ತೇನೆ. ಬದಲಾಗದ ನೀರಿನ ಹಿನ್ನೆಲೆ ಹೊರಟುಹೋಗುತ್ತದೆ, ಯಾವುದು ಮೊದಲು ಬದಲಾಯಿತು, ಯಾವುದು ತಡವಾಗಿ ಎಂಬುದು ತೋರುತ್ತದೆ. ಆದರೂ ಕ್ರಿಯೆಯಲ್ಲಿ ಪಾಲಿಲ್ಲದೆ ಬಂದು ಹೋಗುವ ಅಣುಗಳೂ ಲಯ ಹಿಡಿಯುತ್ತವೆ. ಆದ್ದರಿಂದ 2050ರ ಗೆರೆ ಇಳಿಯುವ ವೇಗವನ್ನು, ಹೊರಬರುವ ದ್ರವದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವ ವೇಗದೊಂದಿಗೆ ಹೋಲಿಸುತ್ತೇನೆ. ಎರಡೂ ಹೊಂದದಿದ್ದರೆ ಆ ಗೆರೆಯ ಹೆಸರಿನಲ್ಲಿ ಏನನ್ನೂ ಬರೆಯುವುದಿಲ್ಲ.