ಹಾಸ್ಟೆಲ್ ಪತ್ರದಲ್ಲಿ ಬಿಟ್ಟುಹೋದ ಒಂದು ‘ದಿ’

ಹಾಸ್ಟೆಲ್ಲೊಂದರ ಕಚೇರಿಗೆ ಗುಮಾಸ್ತೆಯಾಗಿ ಸೇರಿದ ಹೊಸತು. ಪ್ರವಾಸಕ್ಕೆ ಹೊರಟ ಮಕ್ಕಳ ಬಗ್ಗೆ ಪೋಷಕರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ದಿ ಚಿಲ್ಡ್ರನ್ ವಿಲ್ ಬಿ ಇನ್ ಚಾರ್ಜ್ ಆಫ್ ದಿ ವಾರ್ಡನ್’ ಎಂದು ಬರೆದೆ. ಮಕ್ಕಳು ವಾರ್ಡನ್ ಸುಪರ್ದಿಯಲ್ಲಿರುತ್ತಾರೆ ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು. ಪತ್ರಗಳೆಲ್ಲ ಅಂಚೆಗೆ ಬಿದ್ದ ಮೇಲೆ ಹಿರಿಯ ಸಹೋದ್ಯೋಗಿಯೊಬ್ಬರು ಕರೆದು, “ನೋಡಮ್ಮ, ಇದರಲ್ಲಿ ವಾರ್ಡನ್ ಅವರನ್ನೇ ಮಕ್ಕಳ ಕೈಗೆ ಒಪ್ಪಿಸಿಬಿಟ್ಟಿದ್ದೀಯ” ಅಂದರು. ‘ಇನ್ ಚಾರ್ಜ್ ಆಫ್’ ಅಂದರೆ ನೋಡಿಕೊಳ್ಳುವವರು. ‘ಇನ್ ದಿ ಚಾರ್ಜ್ ಆಫ್’ ಅಂದರೆ ಇನ್ನೊಬ್ಬರ ಸುಪರ್ದಿಯಲ್ಲಿ ಇರುವವರು. ನಡುವೆ ಇರುವುದು ಒಂದು ‘ದಿ’ ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಓದಿದ್ದು ಕನ್ನಡ ಮಾಧ್ಯಮ, ಎಬಿಸಿಡಿ ಕಲಿತದ್ದು ಐದನೇ ತರಗತಿಯಲ್ಲಿ. ಮೊದಲ ಸಲ ಹೇಳುವಾಗ ‘ಎ’, ಎರಡನೇ ಸಲ ‘ದಿ’ ಎಂಬ ನಿಯಮ ಬಾಯಿಪಾಠವಾಗಿತ್ತು. ಕತೆ ಹೇಳುವುದಕ್ಕೆ ಅದು ಸರಿಯಾದ ನಿಯಮವೇ. ‘ಒಂದು ಊರಲ್ಲಿ ಒಬ್ಬ ರಾಜನಿದ್ದ, ಆ ರಾಜನಿಗೆ’ ಎಂದು ನಾವೂ ಹಾಗೇ ಹೇಳುತ್ತೇವೆ. ಆದರೆ ‘ಇನ್ ಎ ಹರಿ’ ಅನ್ನುವಾಗ ಯಾವ ಅವಸರ? ‘ಬೈ ದಿ ವೇ’ ಅನ್ನುವಾಗ ಯಾವ ದಾರಿ? ಅಲ್ಲಿ ನಿಯಮ ಹಿಡಿದು ಹೊರಟರೆ ಎಲ್ಲಿಗೂ ತಲುಪುವುದಿಲ್ಲ.

ದಾರಿ ಸಿಕ್ಕಿದ್ದು ಕನ್ನಡದಲ್ಲೇ. ‘ಕೈ ಕೊಟ್ಟ’ ಅಂದರೆ ನಂಬಿಸಿ ಮೋಸ ಮಾಡಿದ. ‘ಕೈಗೆ ಕೊಟ್ಟ’ ಅಂದರೆ ವಸ್ತುವನ್ನು ಕೈಗಿತ್ತ. ‘ಕಣ್ಣು ಹಾಕಿದ’ ಬೇರೆ, ‘ಕಣ್ಣಿಗೆ ಹಾಕಿದ’ ಬೇರೆ. ‘ಹೊಟ್ಟೆಗೆ ಹಾಕಿಕೊಳ್ಳಿ’ ಅಂತ ಕ್ಷಮೆ ಕೇಳುತ್ತೇವೆಯೇ ಹೊರತು ‘ಹೊಟ್ಟೆ ಹಾಕಿಕೊಳ್ಳಿ’ ಅನ್ನುವುದಿಲ್ಲ. ನಮ್ಮ ಮಕ್ಕಳು ಇದನ್ನು ವಿಭಕ್ತಿಯ ಪಾಠ ಓದಿ ಕಲಿಯುವುದಿಲ್ಲ, ಇಡೀ ನುಡಿಗಟ್ಟನ್ನೇ ಕೇಳಿ ಕಲಿಯುತ್ತಾರೆ. ಇಂಗ್ಲಿಷಿನವರಿಗೆ ‘ಎ’, ‘ದಿ’ ಬರುವುದೂ ಹೀಗೇ ಇರಬೇಕು ಅನ್ನಿಸಿತು.

ಇನ್ನೂರು ಪುಟದ ನೋಟ್‌ಬುಕ್ ತಂದೆ. ಮೊದಲು ‘ಎ’, ‘ದಿ’ ಎಂಬ ಆರ್ಟಿಕಲ್ಲಿಗೊಂದು, ನಾಮಪದಕ್ಕೊಂದು ಕಾಲಂ ಹಾಕಿದ್ದು ತಪ್ಪಾಯಿತು. ಬಿಡಿಸಿ ಬರೆದರೆ ಬಿಡಿಬಿಡಿಯಾಗಿಯೇ ನೆನಪಿರುತ್ತದೆ. ಆಮೇಲೆ ಇಡೀ ನುಡಿಗಟ್ಟನ್ನು ಒಂದೇ ಪದವೆಂಬಂತೆ ಸೇರಿಸಿ ಬರೆದು, ಕೆಳಗೆ ನನ್ನದೇ ಒಂದು ಕನ್ನಡ ವಾಕ್ಯ ಬರೆದು, ದಿನಾ ಐದೈದನ್ನು ಗಟ್ಟಿಯಾಗಿ ಹೇಳತೊಡಗಿದೆ. ‘ಆಲ್ ಆಫ್ ಎ ಸಡನ್’, ‘ಕೀಪ್ ಆ್ಯನ್ ಐ ಆನ್’, ‘ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್’. ಕೆಲವು ತಿಂಗಳಾದ ಮೇಲೆ ‘ಆಲ್ ಆಫ್ ಸಡನ್’ ಅಂದರೆ ಹಾಡಿನಲ್ಲಿ ಒಂದು ಮಾತ್ರೆ ತಪ್ಪಿದ ಹಾಗೆ ಕಿವಿಗೇ ಗೊತ್ತಾಗುತ್ತಿತ್ತು.

ಹೆಚ್ಚು ಶ್ರಮಪಟ್ಟದ್ದು ಜೋಡಿಗಳ ಮೇಲೆ. ಕಾರ್ಯಕ್ರಮ ನಡೆಯುವುದು ‘ಟೇಕ್ ಪ್ಲೇಸ್’; ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರುವುದು ‘ಟೇಕ್ ದಿ ಪ್ಲೇಸ್ ಆಫ್’. ‘ಇನ್ ಫ್ರಂಟ್ ಆಫ್ ದಿ ಬಸ್’ ನಿಂತವಳು ರಸ್ತೆಯಲ್ಲಿದ್ದಾಳೆ. ‘ಇನ್ ದಿ ಫ್ರಂಟ್ ಆಫ್ ದಿ ಬಸ್’ ಇರುವವಳು ಬಸ್ಸಿನೊಳಗೆ ಮುಂದಿನ ಸೀಟಿನಲ್ಲಿದ್ದಾಳೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಇನ್ ಹಾಸ್ಪಿಟಲ್’ ಅಂದರೆ ರೋಗಿಯಾಗಿ ದಾಖಲಾಗಿದ್ದಾರೆ, ‘ಇನ್ ದಿ ಹಾಸ್ಪಿಟಲ್’ ಅಂದರೆ ಆ ಕಟ್ಟಡದಲ್ಲಿದ್ದಾರೆ. ಅಮೆರಿಕದವರು ಎರಡಕ್ಕೂ ‘ದಿ’ ಹಾಕುತ್ತಾರೆ. ‘ಎ ಫ್ಯೂ ಪೇರೆಂಟ್ಸ್ ಕೇಮ್’ ಅಂದರೆ ಕೆಲವು ಪೋಷಕರು ಬಂದರು. ‘ಎ’ ತೆಗೆದರೆ ‘ಬಂದವರು ಬೆರಳೆಣಿಕೆಯಷ್ಟೇ’ ಎಂಬ ಕೊರಗು ಅದರಲ್ಲಿ ಸೇರಿಕೊಳ್ಳುತ್ತದೆ. ವರದಿ ಬರೆಯುವವರು ಇದೊಂದನ್ನಾದರೂ ದಯವಿಟ್ಟು ಎರಡು ಸಲ ನೋಡಬೇಕು.

ಒಂದೇ ನಾಮಪದ ಎರಡು ಸಲ ಬಂದು ಜೋಡಿಯಾದರೆ ಸಾಮಾನ್ಯವಾಗಿ ಆರ್ಟಿಕಲ್ ಇರುವುದಿಲ್ಲ: ‘ಹ್ಯಾಂಡ್ ಇನ್ ಹ್ಯಾಂಡ್’, ‘ಫೇಸ್ ಟು ಫೇಸ್’, ‘ಡೇ ಬೈ ಡೇ’.

ನನಗೆ ಅತ್ಯಂತ ಖುಷಿ ಕೊಟ್ಟದ್ದು ಔಷಧದ ಚೀಟಿಯಲ್ಲಿ ಕಾಣುವ ‘ಟ್ವೈಸ್ ಎ ಡೇ’. ಇಲ್ಲಿನ ‘ಎ’ ಹುಟ್ಟಿನಿಂದ ಆರ್ಟಿಕಲ್ಲೇ ಅಲ್ಲ. ಹಳೆಯ ಇಂಗ್ಲಿಷಿನ ‘ಆನ್’ ಎಂಬ ಪ್ರೆಪೊಸಿಷನ್ ಸವೆದು ಸವೆದು ಹೀಗಾಗಿದೆ. ‘ಅಸ್ಲೀಪ್’, ‘ಅಶೋರ್’ ಪದಗಳ ಮೊದಲ ಅಕ್ಷರವೂ ಅದೇ. ನಾವು ‘ದಿನಕ್ಕೆ ಎರಡು ಸಲ’ ಅನ್ನುವಾಗಿನ ‘ಕ್ಕೆ’ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಇದು ತಿಳಿದ ಮೇಲೆ ‘ಟೆನ್ ರುಪೀಸ್ ಎ ಕೆಜಿ’ ಬರೆಯುವಾಗ ಒಮ್ಮೆಯೂ ತಡವರಿಸಿಲ್ಲ.

ಈಗಲೂ ಪತ್ರ ಕಳಿಸುವ ಮೊದಲು ಪೆನ್ಸಿಲ್ ಹಿಡಿದು ‘ಇನ್’, ‘ಆನ್’, ‘ವಿತ್’, ‘ಫಾರ್’ ಇರುವಲ್ಲೆಲ್ಲ ಸುತ್ತು ಹಾಕುತ್ತೇನೆ. ಕಚೇರಿ ಪತ್ರದಲ್ಲಿ ನುಡಿಗಟ್ಟುಗಳು ಹೆಚ್ಚಾಗಿ ಶುರುವಾಗುವುದೇ ಅಲ್ಲಿಂದ. ‘ಆನ್ ದಿ ಬಿಹಾಫ್ ಆಫ್’ ಎಂದು ಬರೆದಿದ್ದರೆ ‘ದಿ’ ಹೊಡೆದುಹಾಕುತ್ತೇನೆ. ಬ್ಯಾಂಕಿನ ಡಿಡಿಯ (ಡಿಮ್ಯಾಂಡ್ ಡ್ರಾಫ್ಟ್) ವಿಷಯ ಬಂದಾಗ ‘ಇನ್ ಫೇವರ್ ಆಫ್’ ನಡುವೆಯೂ ‘ದಿ’ ಬೇಡ. ‘ಫಾರ್ ದಿ ಸೇಕ್ ಆಫ್’ನಲ್ಲಿ ಮಾತ್ರ ಬೇಕೇ ಬೇಕು. ಕಾರಣ ಹೇಳುವಾಗ ‘ಇನ್ ವ್ಯೂ ಆಫ್’, ಉದ್ದೇಶ ಹೇಳುವಾಗ ‘ವಿತ್ ಎ ವ್ಯೂ ಟು’. ಈ ಕೊನೆಯ ಜೋಡಿ ಮೊನ್ನೆಯಷ್ಟೇ ಮತ್ತೆ ಕೈತಪ್ಪಿತ್ತು. ನೋಟ್‌ಬುಕ್ಕಿನಲ್ಲಿ ಅದನ್ನು ಇನ್ನೊಂದು ಸಲ ಬರೆದು, ಕೆಳಗೆ ಹೊಸ ಕನ್ನಡ ವಾಕ್ಯ ಸೇರಿಸಿದ್ದೇನೆ.