ಡಬ್ಲಿನ್ ಲಾಂಡ್ರಿಯ ಲೆಕ್ಕ ಬಿಡಿಸುವುದು ಹೇಗೆ?

ಲಾಂಡ್ರಿ ಅಂದರೆ ನಮಗೆ ಬೀದಿ ಕೊನೆಯ ಇಸ್ತ್ರಿ ಅಂಗಡಿ ನೆನಪಾಗುತ್ತದೆ. ಐರ್ಲೆಂಡಿನಲ್ಲಿ ಆ ಮಾತಿಗೆ ಇನ್ನೊಂದು ಅರ್ಥವೂ ಇದೆ. ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ ಹೆಂಗಸರನ್ನೂ ಹುಡುಗಿಯರನ್ನೂ ಕೂಡಿಹಾಕಿ, ಕೂಲಿ ಕೊಡದೆ ಬಟ್ಟೆ ಒಗೆಸುತ್ತಿದ್ದರು. ಮದುವೆಗೆ ಮುಂಚೆ ಬಸಿರಾದವರು, ಕೋರ್ಟು ಕಳಿಸಿದವರು, ಮನೆಯವರೇ ತಂದು ಬಿಟ್ಟವರು, ಎಲ್ಲರೂ ಅಲ್ಲಿದ್ದರು. ಕೊನೆಯ ಲಾಂಡ್ರಿ ಇದ್ದದ್ದು ಡಬ್ಲಿನ್ನಿನ ಶಾನ್ ಮೆಕ್‌ಡರ್ಮಟ್ ಬೀದಿಯಲ್ಲಿ. ಅದು ಮುಚ್ಚಿದ್ದು 1996ರಲ್ಲಿ. ತೀರಾ ಹಳೆಯ ಕಾಲದ ಕಥೆಯೇನಲ್ಲ.

ಈ ಇತಿಹಾಸವನ್ನು ಅಂಕಿಗಳಿಂದ ಒಂದು ಡಿಜಿಟಲ್ ಚಿತ್ರವಾಗಿ ಬಿಡಿಸಬಹುದು. ಬೇಕಾಗುವುದು ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ಒಂದೆರಡು ವಾರಾಂತ್ಯ. ಕೋಡಿಂಗ್ ಸ್ವಲ್ಪ ಗೊತ್ತಿದ್ದರೆ ಸಾಕು.

ಮೊದಲು ವಿಷಯವನ್ನು ಚಿಕ್ಕದು ಮಾಡಿಕೊಳ್ಳಿ. ಒಂದು ಕಟ್ಟಡ, ಒಂದು ರಾತ್ರಿ. 1911ರ ಏಪ್ರಿಲ್ 2ರ ರಾತ್ರಿ ಐರ್ಲೆಂಡಿನಲ್ಲಿ ಜನಗಣತಿ ನಡೆಯಿತು. ಅದರ ಮೂಲ ಫಾರಂಗಳನ್ನು ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಹೆಸರು, ವಯಸ್ಸು, ಧರ್ಮ, ಓದು ಬರಹ, ಕಸುಬು, ಹುಟ್ಟಿದ ಕೌಂಟಿ (ನಮ್ಮ ಜಿಲ್ಲೆಯ ಥರ), ಎಲ್ಲಕ್ಕೂ ಅದರಲ್ಲಿ ಕಾಲಮ್ಮುಗಳಿವೆ. ಒಂದು ಎಚ್ಚರ: ಬೀದಿಯನ್ನು ಈಗಿನ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಮೆಕ್‌ಡರ್ಮಟ್ 1916ರಲ್ಲಿ ಬ್ರಿಟಿಷರ ವಿರುದ್ಧ ನಡೆದ ದಂಗೆಯ ನಂತರ ಗುಂಡಿಗೆ ಬಲಿಯಾದ ನಾಯಕ. 1911ರಲ್ಲಿ ಆ ಬೀದಿಗೆ ಅವನ ಹೆಸರು ಬಂದಿರಲಿಲ್ಲ, ಗ್ಲಾಸ್ಟರ್ ಬೀದಿ ಎನ್ನುತ್ತಿದ್ದರು.

ಪಟ್ಟಿ ಸಿಕ್ಕಿದ ಮೇಲೆ ಎಕ್ಸೆಲ್ ಅಥವಾ ಗೂಗಲ್ ಶೀಟ್‌ಗೆ ಇಳಿಸಿ. ಒಬ್ಬ ಹೆಂಗಸಿಗೆ ಒಂದು ಸಾಲು. ಇದು ಬೇಜಾರಿನ ಕೆಲಸ, ಆದರೆ ನಿಜವಾದ ಕೆಲಸ ಇದೇ. ಕೈಯಿಂದ ಟೈಪ್ ಮಾಡುತ್ತಾ ಹೋದಾಗ ಪ್ರತಿ ಹೆಸರಿನ ಮೇಲೂ ಒಂದು ಕ್ಷಣ ನಿಲ್ಲುತ್ತೀರಿ. ಕಾಗುಣಿತ ತಪ್ಪಿದ್ದರೂ ತಿದ್ದಬೇಡಿ. ಈ ಸಂಸ್ಥೆಗಳು ಹೆಂಗಸರನ್ನು ‘ಪೆನಿಟೆಂಟ್’, ಅಂದರೆ ಪಶ್ಚಾತ್ತಾಪ ಪಡುವವಳು ಎಂದು ಕರೆಯುತ್ತಿದ್ದವು. ಅಂಥ ಪದ ಕಂಡರೆ ಇದ್ದ ಹಾಗೇ ಒಂದು ಕಾಲಮ್ಮಿನಲ್ಲಿಡಿ. ನೀವು ಮಾಡಿಕೊಂಡ ವಿಂಗಡಣೆಗೆ ಪಕ್ಕದಲ್ಲಿ ಇನ್ನೊಂದು ಕಾಲಮ್ಮು ಇರಲಿ. ಎರಡೂ ಬೆರೆತರೆ ಯಾವುದು ಅವರ ಮಾತು, ಯಾವುದು ನಿಮ್ಮದು ಎಂದು ಆಮೇಲೆ ತಿಳಿಯುವುದಿಲ್ಲ.

ಓದಲಾಗದ ವಯಸ್ಸಿನ ಜಾಗದಲ್ಲಿ ಸೊನ್ನೆ ಹಾಕಬೇಡಿ. ನಾನು ಮೊದಲ ಸಲ ಅಂಥ ಕಡೆಯೆಲ್ಲ ಸರಾಸರಿ ತುಂಬಿಸಿದ್ದೆ. ಚಿತ್ರವೇನೋ ಚೆನ್ನಾಗಿಯೇ ಬಂತು. ಆದರೆ ನಾನು ಊಹಿಸಿದ ವಯಸ್ಸೂ ಆ ಫಾರಮ್ಮಿನ ವಯಸ್ಸೂ ಒಂದೇ ಥರ ಕಾಣುತ್ತಿದ್ದವು. ಎಲ್ಲ ಅಳಿಸಿ ಮತ್ತೆ ಶುರು ಮಾಡಿದೆ. ಖಾಲಿ ಇದ್ದದ್ದು ಖಾಲಿಯೇ ಇರಲಿ.

ಈಗ ಚಿತ್ರ. ಶೀಟನ್ನು ಸಿಎಸ್‌ವಿ ಫೈಲಾಗಿ (ಅಲ್ಪವಿರಾಮಗಳಿಂದ ಬೇರ್ಪಟ್ಟ ಸಾದಾ ಪಠ್ಯ) ಉಳಿಸಿ. ಬ್ರೌಸರಿನಲ್ಲೇ ನಡೆಯುವ ಪಿ5 ಜೆಎಸ್ ಎಂಬ, ಕೋಡ್ ಬರೆದು ಚಿತ್ರ ಬಿಡಿಸುವ ಪುಕ್ಕಟೆ ಸಲಕರಣೆಗೆ ಅದನ್ನು ಹಾಕಿ. ನಾನು ಬಟ್ಟೆ ಒಣಹಾಕುವ ಹಗ್ಗದ ರೂಪ ಆರಿಸಿಕೊಂಡೆ. ಒಂದು ಕೌಂಟಿಗೆ ಒಂದು ಹಗ್ಗ, ಒಬ್ಬ ಹೆಂಗಸಿಗೆ ಒಂದು ಬಿಳಿ ದುಪ್ಪಟಿ. ವಯಸ್ಸು ಹೆಚ್ಚಿದಷ್ಟೂ ದುಪ್ಪಟಿ ಉದ್ದ. ವಯಸ್ಸು ತಿಳಿಯದಿದ್ದರೆ ಹಗ್ಗದ ಮೇಲೆ ಬರೀ ಎರಡು ಕ್ಲಿಪ್ಪು. ಎಐನಿಂದ ಆ ಹೆಂಗಸರ ಮುಖ ‘ಸೃಷ್ಟಿಸುವ’ ಆಸೆ ಕೆಲವರಿಗೆ ಬರಬಹುದು. ದಯವಿಟ್ಟು ಬೇಡ. ಅವರಿಗೆ ಬೇರೆಯವರು ಹೆಸರಿಟ್ಟದ್ದು ಸಾಕು, ಮುಖವನ್ನೂ ನಾವೇ ಕೊಡಬೇಕಾ?

ಒಂದು ರಾತ್ರಿಯ ಲೆಕ್ಕ ಮುಗಿದ ಮೇಲೆ ಕಾಲವನ್ನು ಸೇರಿಸಬಹುದು. ಸಂತ್ರಸ್ತೆಯರ ಪರವಾಗಿ ದುಡಿಯುವ ಜಸ್ಟಿಸ್ ಫಾರ್ ಮ್ಯಾಗ್ಡಲೀನ್ಸ್ ರಿಸರ್ಚ್ ಗುಂಪು ಮತದಾರರ ಪಟ್ಟಿ, ಜನಗಣತಿ, ಸಮಾಧಿ ಕಲ್ಲುಗಳ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ. ಬೇರೆ ಬೇರೆ ವರ್ಷದ ಪಟ್ಟಿಗಳಲ್ಲಿ ಅದೇ ಹೆಸರು ಅದೇ ವಿಳಾಸದಲ್ಲಿ ಮತ್ತೆ ಸಿಕ್ಕರೆ, ಅಷ್ಟು ಕಾಲ ಅವಳು ಅಲ್ಲೇ ಇದ್ದಿರಬೇಕು. ನೀವೂ 1901 ಮತ್ತು 1911ರ ಗಣತಿಯನ್ನು ಹೀಗೆ ಹೋಲಿಸಬಹುದು. ಎರಡರಲ್ಲೂ ಇರುವ ದುಪ್ಪಟಿಗೆ ಬೂದು ಬಣ್ಣ ಕೊಡಿ. ಹೆಸರೊಂದೇ ಹೊಂದಿದರೆ ಸಾಲದು, ವಯಸ್ಸೂ ಕೌಂಟಿಯೂ ತಾಳೆಯಾಗಬೇಕು. ಮೇರಿ ಎಂಬ ಹೆಸರಿನವರು ಆ ದೇಶದಲ್ಲಿ ಎಷ್ಟು ಜನವೋ!

ದಾಖಲೆಯಲ್ಲಿ ಬಿಟ್ಟುಹೋಗುವುದು ಎಷ್ಟು ಸುಲಭ ಅನ್ನುವುದಕ್ಕೆ ಡಬ್ಲಿನ್ನಿನ ಹೈ ಪಾರ್ಕ್ ಎಂಬ ಇನ್ನೊಂದು ಲಾಂಡ್ರಿಯನ್ನು ನೋಡಿ. 1993ರಲ್ಲಿ ಜಮೀನು ಮಾರಿದ ಸನ್ಯಾಸಿನಿಯರು ಅಲ್ಲಿದ್ದ 133 ಹೆಂಗಸರ ಗೋರಿ ತೆಗೆಯಲು ಪರವಾನಗಿ ಪಡೆದರು. ಅಗೆದಾಗ ಇನ್ನೂ 22 ದೇಹಗಳು ಸಿಕ್ಕವು.

ಕೊನೆಗೆ, ದೊಡ್ಡ ಸಂಖ್ಯೆ ಬಳಸುವುದಾದರೆ ಅದರ ಅಂಚು ಎಲ್ಲಿದೆ ಎಂದು ನೋಡಿ. 1922ರಿಂದ 1996ರವರೆಗೆ 10,012 ಹೆಂಗಸರು ಲಾಂಡ್ರಿಗಳಿಗೆ ಸೇರಿದ್ದರು ಎಂದು ಸರ್ಕಾರಿ ಸಮಿತಿಯೊಂದು 2013ರಲ್ಲಿ ಹೇಳಿತು. 1922ಕ್ಕೆ ಮೊದಲೇ ಒಳಗಿದ್ದವರು ಅದರಲ್ಲಿಲ್ಲ. ಸಮಿತಿ ನೋಡಿದ್ದು 10 ಲಾಂಡ್ರಿಗಳನ್ನು. ಗಾಲ್ವೇ ಮತ್ತು ಡನ್ ಲೀರಿಯ ಲಾಂಡ್ರಿಗಳ ದಾಖಲೆ ಪುಸ್ತಕಗಳು ಅದಕ್ಕೆ ಸಿಗಲೇ ಇಲ್ಲ. ಹಾಗಾಗಿ ಈ ಸಂಖ್ಯೆಯಿಂದ ಲಾಂಡ್ರಿಗೆ ಒಂದು ಹಗ್ಗದಂತೆ ಚಿತ್ರ ಮಾಡುವಾಗ 8 ಹಗ್ಗ ಕಟ್ಟಬೇಡಿ, 10 ಕಟ್ಟಿ. ಎರಡರ ಮೇಲೆ ಬರೀ ಕ್ಲಿಪ್ಪುಗಳಿರಲಿ.